ಇನ್ನೊಂದ್ಸಲ ಬೀಸಿ

ಜುಲೈ 28, ಸೋಮವಾರ

ಇವತ್ತಿನಿಂದ ದಿನದ ಕೆಲಸ ಬರೆದಿಡಬೇಕು ಎಂದು ತೀರ್ಮಾನಿಸಿದ್ದೇನೆ. ಹಿಂದಿನ ಆಲ್ಬಮ್ಮಿನಲ್ಲಿ ಒಂದೇ ಹಾಡಿಗೆ ಹದಿನೇಳು ಫೈಲುಗಳಾಗಿ, ಯಾವುದು ಕೊನೆಯದೆಂದು ತಿಳಿಯದೆ ಲಿಖಿತ್ ಹಳೆಯದನ್ನೇ ಕಳಿಸಿಬಿಟ್ಟಿದ್ದ. ಈ ಸಲ ಹಾಗಾಗಬಾರದು.

ಕೆಲಸ ಇಷ್ಟು. ನಾಲ್ಕು ವರ್ಷದ ಹಿಂದೆ ನಾನೂ ಲಿಖಿತನೂ ಸೇರಿ ಮಾಡಿದ ಹತ್ತು ಹಾಡುಗಳನ್ನು ಬಿಚ್ಚಿ ಮತ್ತೆ ಕಟ್ಟಬೇಕು. ಆರು ಹಾಡುಗಳ ರೀಮಿಕ್ಸ್ ಬೇರೆಯವರು ಮಾಡಿ ಕಳಿಸುತ್ತಾರೆ, ನಾಲ್ಕನ್ನು ನಾವೇ ಮಾಡುತ್ತೇವೆ. ಹತ್ತನ್ನೂ ಒಂದು ಹದಕ್ಕೆ ತರುವ ಕೊನೆಯ ಮಿಕ್ಸಿಂಗ್ ನನ್ನದು. ಅಕ್ಟೋಬರ್ ಹತ್ತಕ್ಕೆ ಆಲ್ಬಂ ಕಂಪನಿಗೆ ಒಪ್ಪಿಸಬೇಕು.

ರೀಮಿಕ್ಸ್ ಯಾಕೆ ಎಂದು ಯಾರಾದರೂ ಕೇಳಿದರೆ ಲಿಖಿತ್ ಏನೇನೋ ಹೇಳುತ್ತಾನೆ. ಇಲ್ಲಿ ನಾನು ಸುಳ್ಳು ಬರೆಯಬೇಕಾಗಿಲ್ಲ. ನಾಲ್ಕು ವರ್ಷದಿಂದ ಒಂದು ಹೊಸ ಹಾಡೂ ನಮ್ಮಿಂದ ಹುಟ್ಟಿಲ್ಲ. ಮೊದಲು ತಿಂಗಳಿಗೆ ಆರು ಶೋ ಇರುತ್ತಿದ್ದವು, ಈಗ ಎರಡು ತಿಂಗಳಿಗೊಂದು.

ಹೆಸರು ಮಾತ್ರ ಇವತ್ತು ಸಿಕ್ಕಿತು. ನಾವು ಕೂರುವ ಶೆಡ್ಡು ಬಿಳೇಕಹಳ್ಳಿಯಲ್ಲಿ ಲಿಖಿತನ ಅಪ್ಪ ರಾಮಯ್ಯನವರು ಮೂವತ್ತು ವರ್ಷ ನಡೆಸಿದ ಹಿಟ್ಟಿನ ಮಿಲ್ಲು. ಅದಕ್ಕೇ ನಮ್ಮ ಜೋಡಿಗೂ 'ಹಿಟ್ಟಿನ ಮಿಲ್' ಎಂದೇ ಹೆಸರು. ಮಿಷಿನ್ನು ಕಿತ್ತು ಹನ್ನೊಂದು ವರ್ಷವಾದರೂ ಮಳೆ ಬಂದರೆ ಗೋಡೆ ರಾಗಿಯ ವಾಸನೆ ಬಿಡುತ್ತದೆ. ಲಿಖಿತನ ಅಮ್ಮ ಮುನಿವೆಂಕಟಮ್ಮನವರು ಕಾಫಿ ತಂದವರು, ಹಳೆಯ ಹಾಡನ್ನೇ ಮತ್ತೆ ಯಾಕ್ರೋ ಮಾಡ್ತೀರಾ ಎಂದು ಕೇಳಿದರು. ಲಿಖಿತ್ ವಿವರಿಸಿದ. ಅವರು ನಕ್ಕು, ಮಿಲ್ಲಿಗೂ ಅಂಥವರು ಬರುತ್ತಿದ್ದರು, ಮನೆಗೆ ತಗೊಂಡು ಹೋಗಿ ಮುಟ್ಟಿ ನೋಡಿ, ತರಿತರಿ ಇದೆ ಇನ್ನೊಂದ್ಸಲ ಬೀಸಿ ಅಂತ ವಾಪಸ್ ತರೋರು ಎಂದರು. ನಾವಿಬ್ಬರೂ ಮುಖ ನೋಡಿಕೊಂಡೆವು. ಆಲ್ಬಮ್ಮಿನ ಹೆಸರು 'ಇನ್ನೊಂದ್ಸಲ ಬೀಸಿ'.

ಆಗಸ್ಟ್ 6, ಬುಧವಾರ

ಲಿಖಿತನ ಜೊತೆ ಜಗಳ. 'ಸೆಕೆ' ಹಾಡಿನ ರೀಮಿಕ್ಸ್ ಕೇಳಿಸಿದೆ. ಅರ್ಧಕ್ಕೇ ಕೈ ಎತ್ತಿ ನಿಲ್ಲಿಸಿಬಿಟ್ಟ. ಡ್ರಮ್ಮಿನ ಸಿಂಬಲ್ ತಟ್ಟೆಯ ಶಬ್ದ ಸೂಜಿ ಥರ ಚುಚ್ಚುತ್ತಿದೆಯಂತೆ. ನನಗೆ ಅದು ಮಂಕಾಗಿದೆ ಎನಿಸಿ ನಿನ್ನೆಯಷ್ಟೇ ಏರಿಸಿದ್ದೆ. ಹನ್ನೊಂದು ವರ್ಷದಿಂದ ನಮ್ಮ ಒಪ್ಪಂದ ಒಂದೇ: ರಾಗ, ಸ್ಟೇಜು, ಜನ ಎಲ್ಲ ಅವನದು; ಕಿವಿ ನನ್ನದು. ಈಗ ಅದರಲ್ಲೂ ಕೈ ಹಾಕುತ್ತಾನೆ.

ಇದೆಲ್ಲ ಮನುವಿನ ಪ್ರಭಾವ ಎಂದು ನನ್ನ ಅನುಮಾನ. ರೀಮಿಕ್ಸ್ ಮಾಡಿ ಕಳಿಸುವ ಆರು ಜನರಲ್ಲಿ ಅವನೊಬ್ಬ. ಜೆ.ಪಿ. ನಗರದ ಹುಡುಗ, ಇಪ್ಪತ್ತೈದು ವರ್ಷ. 'ಬೇಲಿ' ಹಾಡನ್ನು ನಮಗಿಂತ ಚೆನ್ನಾಗಿ ಕಟ್ಟಿ ಕಳಿಸಿದ್ದಾನೆ, ಒಪ್ಪಬೇಕು. ಲಿಖಿತ್ ದಿನಕ್ಕೆ ಎರಡು ಸಲ ಅವನಿಗೆ ಫೋನ್ ಮಾಡುತ್ತಾನೆ.

ಇಳಿಸಿದೆ ಎಂದು ಹೇಳಿದೆ. ಇಳಿಸಲಿಲ್ಲ. ಅವನು ಹೋದ ಮೇಲೆ ಇನ್ನೊಂದು ಚೂರು ಏರಿಸಿದೆ.

ಆಗಸ್ಟ್ 14, ಗುರುವಾರ

ಜಯನಗರದ ಮನೆಯಲ್ಲಿ ಬೆಳಿಗ್ಗೆಯೇ ರಾದ್ಧಾಂತ. ಅಮ್ಮ ತರಕಾರಿ ತಂದು, ಕೀ ಮರೆತು, ಇಪ್ಪತ್ತು ನಿಮಿಷ ಬಾಗಿಲಲ್ಲಿ ನಿಂತು ಬೆಲ್ ಒತ್ತಿದರಂತೆ. ಯಾವಾಗಲೂ ಕಿವಿಗೆ ಅದೊಂದನ್ನು ಸಿಕ್ಕಿಸಿಕೊಂಡಿರ್ತೀಯ ಎಂದು ಬೈದರು. ನಾನು ಹಾಲಿನಲ್ಲಿ ಪೇಪರ್ ಓದುತ್ತಿದ್ದೆ, ಕಿವಿಯಲ್ಲಿ ಏನೂ ಇರಲಿಲ್ಲ. ಅಮ್ಮನಿಗೆ ಮಾತು ಬೆಳೆಸುವುದು ಇಷ್ಟ.

ಬೆಲ್ಲಿಗೆ ಹೊಸ ಬ್ಯಾಟರಿ ಹಾಕಿದೆ.

ಆಗಸ್ಟ್ 27, ಬುಧವಾರ

ಗಣೇಶನ ಹಬ್ಬ. ಲಿಖಿತನ ಮನೆಯಲ್ಲಿ ಊಟ. ಎದುರಿನ ಪೆಂಡಾಲಿನ ಸ್ಪೀಕರಿನ ಗಲಾಟೆಯಲ್ಲಿ ಯಾರು ಏನು ಹೇಳುತ್ತಿದ್ದಾರೆ ಎಂದೇ ತಿಳಿಯುತ್ತಿರಲಿಲ್ಲ.

ನನ್ನನ್ನು ರಾಮಯ್ಯ ಅಂಕಲ್ ಪಕ್ಕ ಕೂರಿಸಿದರು. ಅವರಿಗೆ ಕಿವಿ ಕೇಳುವುದು ನಿಂತು ಎಷ್ಟೋ ವರ್ಷವಾಯಿತು. ಮಿಲ್ಲಿನ ಶಬ್ದವೇ ತಿಂದುಹಾಕಿತು. ಹಾಗಾಗಿಯೇ ನಾವು ಶೆಡ್ಡಿನಲ್ಲಿ ಎಷ್ಟು ಜೋರು ಮಾಡಿದರೂ ಅವರಿಂದ ತಕರಾರಿಲ್ಲ. ಪಾಪ, ಎಲ್ಲರೂ ನಕ್ಕಾಗ ಅವರೂ ನಗುತ್ತಾರೆ, ಸ್ವಲ್ಪ ತಡವಾಗಿ. ಸೊಸೆ ಸಾರು ಬೇಕಾ ಎಂದರೆ ಮೊಮ್ಮಗಳ ಪರೀಕ್ಷೆಯ ವಿಷಯ ಹೇಳುತ್ತಾರೆ. ಯಾರೂ ತಿದ್ದುವುದಿಲ್ಲ. ಸಾರು ಬಡಿಸಿ ಮುಂದೆ ಹೋಗುತ್ತಾರೆ.

ಮುನಿವೆಂಕಟಮ್ಮ ಆಂಟಿ ನನ್ನನ್ನೂ ಏನೋ ಕೇಳಿದರು. ಹೇಳಿದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಒಳ್ಳೆಯ ಊಟ. ಲಿಖಿತ್ ಮಾತ್ರ ಎಲೆಯ ಮುಂದೆ ಕೈ ಕಟ್ಟಿ ಕೂತು ನನ್ನನ್ನೇ ನೋಡುತ್ತಿದ್ದ. ಸಿಂಬಲ್ ಸಿಟ್ಟು ಇನ್ನೂ ಇಳಿದಿಲ್ಲ ಎಂದು ಕಾಣುತ್ತದೆ.

ಸೆಪ್ಟೆಂಬರ್ 9, ಮಂಗಳವಾರ

ಬಲಗಡೆಯ ಸ್ಪೀಕರ್ ಹೋಗಿದೆ ಎಂದುಕೊಂಡೆ. ಕೆಲಸ ಶುರುಮಾಡುವ ಮೊದಲು ಒಂದು ಟೆಸ್ಟ್ ಶಬ್ದ ಹಾಕುವುದುಂಟು. ಗುಡುಗಿನಷ್ಟು ಕೆಳಗಿನಿಂದ ಶುರುವಾಗಿ ಸಿಳ್ಳೆಯ ಹಾಗೆ ಮೇಲಕ್ಕೆ ಹೋಗುತ್ತದೆ. ಇವತ್ತು ಅರ್ಧ ದಾರಿಗೇ ನಿಂತಿತು. ಎಡಗಡೆಯದರಲ್ಲಿ ಹಾಕಿದೆ. ಅಲ್ಲೂ ಅಷ್ಟಕ್ಕೇ ನಿಂತಿತು. ಎರಡೂ ಒಟ್ಟಿಗೆ ಕೆಟ್ಟುಹೋಗಿವೆಯಲ್ಲ ಎಂದು ಬಿ.ಟಿ.ಎಂ.ನಿಂದ ರಿಪೇರಿಯ ದಿನೇಶನನ್ನು ಕರೆಸಿದೆ.

ಅವನು ಎರಡನ್ನೂ ಬಿಚ್ಚಿ, ವೈರು ನೋಡಿ, ಮತ್ತೆ ಮುಚ್ಚಿ, ಹಾಕಿ ಸಾರ್ ಎಂದ. ಹಾಕಿದೆ. ಶಬ್ದ ಏರಿತು, ನಿಂತಿತು. ನಾನು ಅವನ ಕಡೆ ತಿರುಗಿ, ನೋಡಿದೆಯಾ ಎನ್ನುವುದರೊಳಗೆ ದಿನೇಶ್ ಮುಖ ಹಿಂಡಿ ಎರಡೂ ಕಿವಿ ಮುಚ್ಚಿಕೊಂಡಿದ್ದ.

"ಸಾಕು ನಿಲ್ಸಿ ಸಾರ್, ಹಲ್ಲು ಜುಮ್ ಅಂತಿದೆ. ಚೆನ್ನಾಗೇ ಬರ್ತಿದೆಯಲ್ಲ," ಎಂದ.

ಅಲ್ಲಿ ಶಬ್ದವೇ ಇರಲಿಲ್ಲ. ನನಗೆ ಅವನ ಮುಖವಷ್ಟೇ ಕಾಣುತ್ತಿತ್ತು.

ಸೆಪ್ಟೆಂಬರ್ 11, ಗುರುವಾರ

ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಕಿವಿ ಪರೀಕ್ಷೆ. ಗಾಜಿನ ಚಿಕ್ಕ ಕೋಣೆಯಲ್ಲಿ ಕೂರಿಸಿ ಕೈಗೊಂದು ಬಟನ್ ಕೊಟ್ಟರು. ಶಬ್ದ ಕೇಳಿದಾಗಲೆಲ್ಲ ಒತ್ತಬೇಕು. ಮೊದಲು ಸಲೀಸಾಗಿ ಒತ್ತಿದೆ. ಆಮೇಲೆ ಬಹಳ ಹೊತ್ತು ಏನೂ ಬರಲಿಲ್ಲ. ಗಾಜಿನಾಚೆ ಪರೀಕ್ಷೆ ಮಾಡುತ್ತಿದ್ದ ಮೇಡಂ ತಲೆ ತಗ್ಗಿಸಿ ಮಿಷಿನ್ನಿನ ಗುಂಡಿಗಳನ್ನು ಒತ್ತುತ್ತಲೇ ಇದ್ದರು. ಅಂದರೆ ಶಬ್ದ ಬರುತ್ತಿದೆ. ನಾನು ಅಂದಾಜಿನ ಮೇಲೆ ಎರಡು ಸಲ ಒತ್ತಿದೆ. ಅವರು ತಲೆ ಎತ್ತಿ ನೋಡಿದರು. ಆಮೇಲೆ ಒತ್ತಲಿಲ್ಲ.

ಅವರ ಹೆಸರು ಶ್ವೇತ. ಹಾಳೆಯಲ್ಲಿ ಎರಡು ಗೆರೆ ತೋರಿಸಿದರು, ಒಂದೊಂದು ಕಿವಿಗೆ ಒಂದೊಂದು. ಗೆರೆ ಸ್ವಲ್ಪ ದೂರ ಟಾರು ರಸ್ತೆಯ ಹಾಗೆ ನೆಟ್ಟಗೆ ಹೋಗಿ, ಆಮೇಲೆ ಕಲ್ಲು ಕ್ವಾರಿಗೆ ಬಿದ್ದ ಹಾಗೆ ಕೆಳಗಿಳಿಯುತ್ತದೆ. ಎರಡೂ ಒಂದೇ ಜಾಗದಲ್ಲಿ ಬಿದ್ದಿವೆ. ಕೆಲಸ ಏನು ಎಂದರು. ಹೇಳಿದೆ. ಕಿವಿಗೆ ಪ್ಲಗ್ ಹಾಕಿಕೊಳ್ಳುತ್ತಿದ್ದಿರಾ ಎಂದರು. ಹಾಕಿಕೊಂಡರೆ ಮಜಾ ಇರುವುದಿಲ್ಲ ಎಂದೆ. ಹೇಳುವಾಗಲೇ ನಾಚಿಕೆಯಾಯಿತು.

ಹೋದದ್ದು ವಾಪಸ್ಸು ಬರುವುದಿಲ್ಲವಂತೆ. ಔಷಧಿ ಇಲ್ಲ, ಆಪರೇಷನ್ ಇಲ್ಲ. ಜೋರು ಶಬ್ದದಿಂದ ದೂರ ಇರದಿದ್ದರೆ ಇರುವುದೂ ಹೋಗುತ್ತದೆ. ಸ, ಶ, ತ, ಚ ಇಂಥ ಅಕ್ಷರಗಳು ಮೊದಲು ಹೋಗುತ್ತವೆ, ಆದ್ದರಿಂದ ಜನ ಮಾತಾಡುತ್ತಿದ್ದಾರೆ ಎನ್ನುವುದು ಗೊತ್ತಾಗುತ್ತದೆ, ಏನು ಮಾತಾಡುತ್ತಿದ್ದಾರೆ ಎನ್ನುವುದು ಗೊತ್ತಾಗುವುದಿಲ್ಲ ಎಂದರು. ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿದರು. ನಾನು ಬಾಗಿಲಿನ ಬೆಲ್ಲಿನ ಬಗ್ಗೆ ಹೇಳಲಿಲ್ಲ.

ಈ ಆಲ್ಬಂ ಒಂದು ಮುಗಿಸಬಹುದೇ ಎಂದು ಕೇಳಿದೆ.

"ಮುಗಿಸ್ಬಹುದು," ಎಂದರು. "ಆದ್ರೆ ನೀವು ಕೇಳೋ ಹಾಡು, ಬೇರೆಯವ್ರು ಕೇಳೋ ಹಾಡು ಒಂದೇ ಅಲ್ಲ. ಅದು ನಿಮಗೆ ಗೊತ್ತಿರ್ಬೇಕು."

ಸೆಪ್ಟೆಂಬರ್ 12, ಶುಕ್ರವಾರ

ಕೆಲಸ ಮಾಡಲಿಲ್ಲ. ಅಮ್ಮನಿಗೂ ಹೇಳಲಿಲ್ಲ.

ಸೆಪ್ಟೆಂಬರ್ 20, ಶನಿವಾರ

ದಾರಿ ಸಿಕ್ಕಿದೆ. ಕಂಪ್ಯೂಟರ್ ಪರದೆಯ ಮೇಲೆ ಹಾಡು ಬೆಟ್ಟದ ಸಾಲಿನ ಹಾಗೆ ಕಾಣುತ್ತದೆ. ಎಡಗಡೆ ಕೆಳಗಿನ ಸ್ವರಗಳು, ಬಲಗಡೆ ಮೇಲಿನವು. ಚೆನ್ನಾಗಿ ಮಿಕ್ಸ್ ಆದ ಇಪ್ಪತ್ತು ಹಾಡುಗಳನ್ನು ಆರಿಸಿ ಅವುಗಳ ಬೆಟ್ಟ ಹೇಗಿರುತ್ತದೆ ಎಂದು ಎಂಟು ದಿನ ನೋಡಿದೆ. ಈಗ ನಮ್ಮ ಹಾಡುಗಳ ಬೆಟ್ಟವನ್ನು ಅದೇ ಆಕಾರಕ್ಕೆ ತರುತ್ತಿದ್ದೇನೆ. ಎಡಗಡೆಯದನ್ನು ಕೇಳಿ ಮಾಡುತ್ತೇನೆ, ಬಲಗಡೆಯದನ್ನು ನೋಡಿ ಮಾಡುತ್ತೇನೆ.

ಲಿಖಿತನಿಗೆ 'ಸೆಕೆ' ಹಾಕಿ ತೋರಿಸಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದ. ಮುಗಿದ ಮೇಲೂ ಸ್ವಲ್ಪ ಹೊತ್ತು ಕಣ್ಣು ಬಿಡಲಿಲ್ಲ. "ಸರಿಯಾಗಿದೆ ಮಗಾ," ಎಂದ. ಇನ್ನು ಮೂರು ಹಾಡು ಹಾಕಿದೆ. ಅದಕ್ಕೂ ಸರಿಯಾಗಿದೆ ಎಂದ. ಎರಡು ತಿಂಗಳಲ್ಲಿ ಮೊದಲ ಬಾರಿ ಜಗಳವಿಲ್ಲದೆ ದಿನ ಮುಗಿಯಿತು. ಯಾರಿಗೂ ಹೇಳುವ ಅಗತ್ಯವೇ ಬೀಳದಿರಬಹುದು.

ಅಕ್ಟೋಬರ್ 4, ಶನಿವಾರ

ಲಿಖಿತ್ ಇಡೀ ವಾರ ಶೆಡ್ಡಿಗೆ ಬಂದಿಲ್ಲ. ಮನುವಿನ ಮನೆಯಲ್ಲಿ ಏನೋ ಕೆಲಸವಂತೆ. ಮಧ್ಯಾಹ್ನ ಹೊರಗೆ ಕಟ್ಟೆಯ ಮೇಲೆ ಕೂತಿದ್ದೆ. ಮುನಿವೆಂಕಟಮ್ಮ ಆಂಟಿ ಅವರೆಕಾಯಿ ಮೊರ ಹಿಡಿದು ಬಂದು ಎದುರಿಗೆ ಕೂತರು. ಎದುರಿಗೆ ಕೂತವರ ಮಾತು ಚೆನ್ನಾಗಿ ತಿಳಿಯುತ್ತದೆ. ನಾನೂ ಕಾಯಿ ಬಿಡಿಸಲು ಕೈ ಹಾಕಿದೆ.

ಅಂಕಲ್‌ಗೆ ಕಿವಿ ಹೋಗಲು ಶುರುವಾದಾಗ ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಕತೆ ದೊಡ್ಡದು. ಮೊದಮೊದಲು ಗಂಡನಿಗೆ ಅಹಂಕಾರ ಬಂದಿದೆ ಎಂದುಕೊಂಡರಂತೆ. ಮಾತಾಡಿಸಿದರೆ ಓ ಅನ್ನರು. ಆಮೇಲೆ ಗಿರಾಕಿಗಳು ರಾಗಿ ಎಂದರೆ ಅಂಕಲ್ ಗೋಧಿ ಹಾಕಿಬಿಡುತ್ತಿದ್ದರು. ತಿಳಿಸಿ ಹೇಳಿದರೆ ಕೂಗಾಟ, ಊಟ ಬಿಡುವುದು. ಅದಕ್ಕೆ ಮಕ್ಕಳಿಗೆಲ್ಲ, ಅಪ್ಪ ತಪ್ಪು ಮಾಡಿದರೆ ತೋರಿಸಬೇಡಿ, ಹಿಂದಿನಿಂದ ಸರಿಮಾಡಿ ಎಂದು ಹೇಳಿದರಂತೆ. ಲಿಖಿತ್ ಸ್ಕೂಲಿನಿಂದ ಬಂದವನು ಮಿಲ್ಲಿನ ಹಿಂದೆ ನಿಂತು, ಯಾರ ಡಬ್ಬಕ್ಕೆ ಯಾರ ಹಿಟ್ಟು ಹೋಗಿದೆ ಎಂದು ನೋಡಿ ಬದಲಾಯಿಸಿಡುತ್ತಿದ್ದನಂತೆ. ರಾಮಯ್ಯನವರಿಗೆ ಇವತ್ತಿಗೂ ಅದು ಗೊತ್ತಿಲ್ಲ.

"ನಾನೂ ಎಷ್ಟೋ ವರ್ಷ ಕೂಗ್ಕೊಂಡೇ ಮಾತಾಡ್ದೆ ಕಣಪ್ಪ," ಎಂದರು. "ಒಂದಿನ ಸುಸ್ತಾಯ್ತು. ಊಟ, ಮಾತ್ರೆ, ಸ್ನಾನ. ಈಗ ಅಷ್ಟೇ ಮಾತು ನಮ್ಗೆ. ಮಿಕ್ಕಿದ್ದು ಅವ್ರಿಗ್ ಹೇಳೋಕೋಗಲ್ಲ."

ಅವರು ಇದನ್ನು ದುಃಖದಿಂದ ಹೇಳಲಿಲ್ಲ. ಹುಳುಕು ಕಾಯಿ ಪಕ್ಕಕ್ಕಿಡುವ ಹಾಗೆ ಹೇಳಿ ಮೊರ ತೆಗೆದುಕೊಂಡು ಒಳಗೆ ಹೋದರು. ರಾಮಯ್ಯನವರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ರಸ್ತೆ ನೋಡುತ್ತಿದ್ದರು. ನನ್ನ ಕಡೆ ನೋಡಿ ಕೈ ಎತ್ತಿದರು. ನಾನೂ ಎತ್ತಿದೆ.

ಅಕ್ಟೋಬರ್ 10, ಶುಕ್ರವಾರ

ಹತ್ತೂ ಹಾಡು ಮುಗಿದವು. ಲಿಖಿತ್ ತಾನೇ ಕಂಪನಿಗೆ ಕಳಿಸುತ್ತೇನೆ ಎಂದು ಹಾರ್ಡ್ ಡಿಸ್ಕ್ ತೆಗೆದುಕೊಂಡು ಹೋದ. ನನ್ನ ಭುಜದ ಮೇಲೆ ಕೈ ಇಟ್ಟು ಏನೋ ಹೇಳಿದ. ಮತ್ತೆ ಕೇಳಲಿಲ್ಲ. ಒಳ್ಳೆಯದೇ ಹೇಳಿರುತ್ತಾನೆ.

ಅಕ್ಟೋಬರ್ 21, ಮಂಗಳವಾರ

ದೀಪಾವಳಿ. ಮೇಲಿನ ಮನೆಯ ಮಗು ನನ್ನ ಕೈಗೆ ಸುರ್‌ಸುರ್‌ಬತ್ತಿ ಕೊಟ್ಟಿತು. ಹಚ್ಚಿದೆ. ಬಿಳಿ ಕಿಡಿ ಹಾರಿತು, ಹೊಗೆ ಬಂತು, ಕೊನೆಗೆ ಕೆಂಪು ಕಡ್ಡಿ ಉಳಿಯಿತು. ಸುರ್ ಎನ್ನಲಿಲ್ಲ. ಇನ್ನೊಂದು ಹಚ್ಚಿ ಕಿವಿಯ ಹತ್ತಿರ ತಂದೆ. ಮಗುವಿನ ತಾಯಿ ಓಡಿ ಬಂದು ಕೈ ಹಿಡಿದೆಳೆದರು. ಅಮ್ಮ ಬಾಗಿಲಲ್ಲಿ ನಿಂತು ಇದನ್ನು ನೋಡಿದರು.

ನವೆಂಬರ್ 7, ಶುಕ್ರವಾರ

'ಇನ್ನೊಂದ್ಸಲ ಬೀಸಿ' ಹೊರಬಂತು.

ಬೆಳಿಗ್ಗೆ ಎದ್ದವನೇ ಮೊಬೈಲಿನಲ್ಲಿ ಹಾಕಿ ಕೇಳಿದೆ. ತಿಂಡಿ ತಿಂದು ಮತ್ತೆ ಕೇಳಿದೆ. ಮಧ್ಯಾಹ್ನ ಹಳೆಯ ದೊಡ್ಡ ಹೆಡ್‌ಫೋನಿನಲ್ಲಿ, ಶ್ವೇತ ಮೇಡಂ ಹೇಳಿದಷ್ಟೇ ಸಣ್ಣ ಶಬ್ದದಲ್ಲಿ, ಮೂರನೇ ಸಲ. ಚೆನ್ನಾಗಿದೆ. ಜಂಬಕ್ಕೆ ಹೇಳುತ್ತಿಲ್ಲ, ನಿಜವಾಗಿ ಚೆನ್ನಾಗಿದೆ. ಹನ್ನೊಂದು ವರ್ಷದ ಅಭ್ಯಾಸ ಸುಮ್ಮನೆ ಹೋಗುವುದಿಲ್ಲ. ಕಿವಿ ಹೋದರೂ ಕೈಗೆ ನೆನಪಿರುತ್ತದೆ. ಹದಿನೈದು ವರ್ಷದಿಂದ ಈ ಸಂಗೀತದ ಬಗ್ಗೆಯೇ ಬರೆಯುವ ಒಬ್ಬರು, ಹಾಡುಗಳು ಹಳೆಯವಾದರೂ ಮಿಕ್ಸಿಂಗ್ ತೊಳೆದ ಗಾಜಿನ ಹಾಗಿದೆ ಎಂದು ಬರೆದಿದ್ದಾರೆ. 'ಮಿಕ್ಸಿಂಗ್: ಆಶ್ರಿತ್' ಎಂದು ನನ್ನ ಹೆಸರಿದೆ. ಅದನ್ನು ಐದಾರು ಸಲ ನೋಡಿದೆ.

ಅಮ್ಮನಿಗೂ ತೋರಿಸಿದೆ. ಅವರು ಬ್ಯಾಂಕಿನಲ್ಲಿದ್ದಾಗಿನಿಂದಲೂ ಅಕ್ಷರ ಬಿಡದೆ ಓದುವವರು. ಕನ್ನಡಕ ಹಾಕಿಕೊಂಡು, ಹತ್ತೂ ಹಾಡುಗಳ ಕೆಳಗಿನ ಹೆಸರುಗಳನ್ನೆಲ್ಲ ಓದಿದರು.

ಶ್ವೇತ ಮೇಡಂಗೆ ಮೆಸೇಜ್ ಕಳಿಸಿ ಕೇಳಿಸಬೇಕೆಂದೂ ಅನಿಸಿತು. ಕಳಿಸಲಿಲ್ಲ. ಇನ್ನೊಂದು ಆಲ್ಬಂ ಕೂಡ ಮಾಡಬಹುದು. ಕಣ್ಣಿನಿಂದ ಮಾಡಬಹುದು.

ನವೆಂಬರ್ 16, ಭಾನುವಾರ

ಜೆ.ಪಿ. ನಗರದ ಪಬ್ಬಿನಲ್ಲಿ ಮಧ್ಯಾಹ್ನದ ಶೋ. ಕಿವಿಗೆ ಪ್ಲಗ್ ಹಾಕಿಕೊಂಡು ಸ್ಟೇಜಿನ ಮೇಲೆ ನಿಂತಿದ್ದೆ. ಮಾಡುವುದಕ್ಕೆ ಹೆಚ್ಚೇನೂ ಇರಲಿಲ್ಲ, ಲಿಖಿತನೇ ಎಲ್ಲ ನೋಡಿಕೊಂಡ. ನೂರೈವತ್ತು ಜನ ಬಂದಿದ್ದರು.

ಮುಗಿದ ಮೇಲೆ ಮನು ಬಂದು ಪರಿಚಯ ಮಾಡಿಕೊಂಡ. ಇಷ್ಟು ದಿನ ಫೋನಿನಲ್ಲೇ ಮಾತು, ಎದುರಿಗೆ ಇದೇ ಮೊದಲು. ಒಳ್ಳೆಯ ಹುಡುಗ. ಗದ್ದಲವಿದ್ದದ್ದರಿಂದ ಅವನ ತುಟಿಯನ್ನೇ ನೋಡುತ್ತಿದ್ದೆ. ನಿಮ್ಮ ಜೊತೆ ಕೆಲಸ ಮಾಡಿದ್ದು ದೊಡ್ಡ ವಿಷಯ ಗುರು ಎಂದ. ಆಮೇಲೆ ನನ್ನ ಕೈ ಹಿಡಿದುಕೊಂಡು ಹೇಳಿದ:

"ನಿಮ್ಮ ಮಿಕ್ಸ್ ಮೇಲೆ ಕೈ ಇಡೋಕೆ ಭಯ ಆಗಿತ್ತು. ಹತ್ತೂ ಹಾಡನ್ನ ಮತ್ತೆ ಮಾಡು, ಆಶ್ರಿತ್ ಒಪ್ಪಿದಾನೆ ಅಂತ ಲಿಖಿತ್ ಹೇಳಿದ್ಮೇಲೇ ಮಾಡಿದ್ದು. ನಿಮಗೆ ಬೇಜಾರಿಲ್ಲ ತಾನೆ?"

ಗದ್ದಲದಲ್ಲಿ ಒಂದು ಮಾತೂ ತಪ್ಪದೆ ತಿಳಿಯಿತು. ಬೇಜಾರಿಲ್ಲ ಎಂದೆ. ಚೆನ್ನಾಗಿ ಮಾಡಿದೀಯ ಎಂದೆ. ಅದು ಸುಳ್ಳಲ್ಲ, ಮೂರು ಸಲ ಕೇಳಿ ನನಗೆ ನಾನೇ ಹೇಳಿಕೊಂಡಿದ್ದ ಮಾತೇ ಅದು.

ಜೆ.ಪಿ. ನಗರದಿಂದ ಜಯನಗರದವರೆಗೆ ನಡೆದುಕೊಂಡೇ ಬಂದೆ.

ನವೆಂಬರ್ 18, ಮಂಗಳವಾರ

ಬೆಳಿಗ್ಗೆ ಹತ್ತಕ್ಕೆ ಶೆಡ್ಡಿಗೆ ಹೋದೆ. ಲಿಖಿತ್ ಒಬ್ಬನೇ ಇದ್ದ. ಮನು ಹೇಳಿದ್ದನ್ನು ಹೇಳಿದೆ. ಅವನು ಇಲ್ಲವೆನ್ನಲಿಲ್ಲ.

"ಯಾವಾಗಿಂದ ಗೊತ್ತು ನಿಂಗೆ?"

"ಗಣೇಶನ ಹಬ್ಬದ ದಿನ. ಅಮ್ಮ ಪಾಯಸ ಹಾಕ್ಲಾ ಅಂತ ಕೇಳಿದ್ರು. ನೀನು ಬನಶಂಕರಿ ಕಡೆಯಿಂದ ಬಂದೆ ಅಂದೆ. ಎಲ್ರೂ ನಕ್ರು, ನೀನೂ ನಕ್ಕೆ. ನಮ್ಮಪ್ಪ ನಗ್ತಾರಲ್ಲ, ಹಾಗೆ."

ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನೀನು ಯಾಕೆ ಹೇಳಲಿಲ್ಲ ಎಂದ. ಆಮೇಲೆ ಅವನೇ ಹೇಳುತ್ತಾ ಹೋದ. ಸೆಪ್ಟೆಂಬರಿನಲ್ಲಿ ನಾನು ಪರದೆ ನೋಡಿಕೊಂಡು ಮಾಡಿದ ಮಿಕ್ಸ್ ಕೇಳಿ ಅವನಿಗೆ ಅಳು ಬಂದಿತ್ತಂತೆ, ಅದಕ್ಕೇ ಕಣ್ಣು ತೆರೆಯಲಿಲ್ಲವಂತೆ. ಅದು ಕೆಟ್ಟದಾಗಿರಲಿಲ್ಲ, ಹಾಗೆಂದು ಹಾಡೂ ಆಗಿರಲಿಲ್ಲ ಎಂದ. ಕಿವಿ ಹೋದದ್ದು ಹೋಯಿತು, ಹೆಸರಾದರೂ ಉಳಿಯಲಿ ಎಂದು ಮಾಡಿದೆ ಎಂದ. ಅವರ ಮನೆಯಲ್ಲಿ ಹಾಗೇ ಮಾಡುತ್ತಾ ಬಂದಿದ್ದಾರೆ. ಅವನಿಗೆ ಬೇರೆ ರೀತಿ ಗೊತ್ತಿಲ್ಲ.

ಎರಡೂ ಮಿಕ್ಸ್ ಹಾಕು, ನನ್ನದು ಯಾವುದು ಹೇಳುತ್ತೇನೆ ಎಂದೆ. ಬೇಡ ಎಂದ. ಹಾಕದಿದ್ದರೆ ಇಲ್ಲಿಂದ ಏಳುವುದಿಲ್ಲ ಎಂದೆ. ಪರದೆ ಆಫ್ ಮಾಡಿ, ನಾನು ಗೋಡೆಯ ಕಡೆ ತಿರುಗಿ ಕೂತೆ. 'ಸೆಕೆ' ಹಾಕಿದ, ಎರಡು ಥರ. ಮೊದಲನೆಯದು ನನ್ನದು ಎಂದೆ. 'ಬೇಲಿ' ಹಾಕಿದ. ಎರಡನೆಯದು ಎಂದೆ. ಮೂರನೇ ಹಾಡಿಗೆ ನನಗೆ ಅನುಮಾನವೇ ಇರಲಿಲ್ಲ. ಕೆಳಗಿನ ಸ್ವರಗಳ ಒಂದು ಹಿಡಿತವಿತ್ತು, ಅದು ಬೇರೆ ಯಾರಿಗೂ ಬರುವುದಿಲ್ಲ. ಇದು ನಂದೇ, ಕಣ್ಣು ಕಟ್ಟಿ ಬೇಕಾದರೂ ಹೇಳುತ್ತೇನೆ ಎಂದೆ.

ತಿರುಗಿ ನೋಡಿದರೆ ಲಿಖಿತ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ.

"ನೀನು ನಂದು ಅಂದಿದ್ದು ಮೂರೂ ಮನುದು," ಎಂದ. "ಸಾಕು ಮಗಾ."

ನವೆಂಬರ್ 19, ಬುಧವಾರ

ಅಮ್ಮನಿಗೆ ಹೇಳಿದೆ. ಅವರಿಗೆ ದೀಪಾವಳಿಯ ದಿನವೇ ತಿಳಿದಿತ್ತು.

ನವೆಂಬರ್ 25, ಮಂಗಳವಾರ

ಹಿಯರಿಂಗ್ ಏಡ್ ಹಾಕಿಕೊಂಡು ಆರನೇ ದಿನ. ಪೇಪರ್ ಮಡಚಿದರೆ ಬೆಂಕಿ ಹೊತ್ತಿದ ಹಾಗೆ ಕೇಳುತ್ತದೆ. ಮಾತು ತಿಳಿಯುತ್ತದೆ, ಅಷ್ಟಕ್ಕೆ ಸರಿ. ಹಾಡು ಹಾಕಿ ನೋಡಿದೆ. ತಗಡಿನ ಡಬ್ಬದಲ್ಲಿ ಮೊಳೆ ಅಲ್ಲಾಡಿಸಿದ ಹಾಗಿತ್ತು. ಇದು ಮಾತಿಗೆ ಮಾಡಿದ್ದು, ಹಾಡಿಗಲ್ಲ ಎಂದು ಶ್ವೇತ ಮೇಡಂ ಮೊದಲೇ ಹೇಳಿದ್ದರು. ಕಾಲ ಕಳೆದಂತೆ ಮೆದುಳು ಹೊಂದಿಕೊಳ್ಳುತ್ತದಂತೆ. ಎಷ್ಟು ಹೊಂದಿಕೊಳ್ಳುತ್ತದೆ ಎಂದು ಕೇಳಿದೆ. ಮಾತಿಗೆ ಸಾಕಾಗುವಷ್ಟು ಎಂದರು.

ಆಲ್ಬಂ ಕಂಪನಿಗೆ ಮೇಲ್ ಕಳಿಸಿದೆ: ಮಿಕ್ಸಿಂಗ್ ನನ್ನದಲ್ಲ, ಮನುವಿನದು, ದಯವಿಟ್ಟು ಹೆಸರು ಬದಲಾಯಿಸಿ. ಲಿಖಿತನಿಗೆ ಅದು ಗೊತ್ತಾಗಿ ಮನೆಗೇ ಬಂದ. ಯಾಕೆ ಬದಲಾಯಿತು ಎಂದು ಜನ ಕೇಳುತ್ತಾರೆ, ಆಮೇಲೆ ನಿನಗೆ ಯಾರೂ ಕೆಲಸ ಕೊಡುವುದಿಲ್ಲ ಎಂದ. ಕೇಳಲಿ ಎಂದೆ. ಅವನು ಹೇಳಿದ್ದೇ ಆಯಿತು. ಹೊಸ ವರ್ಷಕ್ಕೆ ನನ್ನಿಂದ ಮಿಕ್ಸ್ ಮಾಡಿಸಬೇಕೆಂದಿದ್ದ ಎರಡು ಬ್ಯಾಂಡುಗಳಿಗೂ ನಾನೇ ನಿಜ ಬರೆದಿದ್ದೆ. ಇಬ್ಬರೂ ಆರೋಗ್ಯ ನೋಡಿಕೊಳ್ಳಿ ಎಂದು ಬಹಳ ಪ್ರೀತಿಯಿಂದ ಉತ್ತರಿಸಿದ್ದಾರೆ. ಮತ್ತೆ ಬರೆದಿಲ್ಲ.

ಡಿಸೆಂಬರಿನ ಶೋಗಳಿಗೆ ಮನುವನ್ನು ಕರೆದುಕೊಂಡು ಹೋಗು ಎಂದು ಲಿಖಿತನಿಗೆ ಹೇಳಿದೆ. ಅವನು ಕಾಫಿ ಆರಿಹೋಗುವವರೆಗೆ ಕೂತಿದ್ದು ಎದ್ದು ಹೋದ.

ಡಿಸೆಂಬರ್ 6, ಶನಿವಾರ

ನನ್ನ ಸಾಮಾನು ತರಲು ಶೆಡ್ಡಿಗೆ ಹೋದೆ. ಹೆಚ್ಚೇನಿಲ್ಲ, ಒಂದು ಕುರ್ಚಿ, ಎರಡು ಹೆಡ್‌ಫೋನು, ವೈರುಗಳು. ಹೆಡ್‌ಫೋನುಗಳನ್ನು ಅಲ್ಲೇ ಬಿಟ್ಟೆ. ಮನುವಿಗೆ ಬೇಕಾಗಬಹುದು.

ಹೊರಡುವಾಗ ಲಿಖಿತ್ ಬಾಗಿಲಿಗೆ ಅಡ್ಡ ನಿಂತು, ಹೊಸದೊಂದು ಮಾಡಿದ್ದೇನೆ, ಕೇಳುತ್ತೀಯಾ ಎಂದ. ನಾಲ್ಕು ವರ್ಷದ ಮೇಲೆ ಮೊದಲ ಹೊಸ ಹಾಡು. ತಗಡಿನ ಸದ್ದು ಬೇಡವೆಂದು ಹಿಯರಿಂಗ್ ಏಡ್ ತೆಗೆದಿಟ್ಟು ಕೂತೆ. ಹಾಕಿದ. ಕೆಳಗಿನ ತಾಳ ಶುರುವಾಯಿತು, ನೆಲದಿಂದ ಕಾಲಿಗೆ ಬಂತು. ಚೆನ್ನಾಗಿತ್ತು. ಸ್ವಲ್ಪ ಹೊತ್ತಾದ ಮೇಲೆ ಅವನು ಕತ್ತು ಮುಂದೆ ಚಾಚಿ ನನ್ನ ಮುಖವನ್ನೇ ನೋಡತೊಡಗಿದ. ಯಾವುದೋ ಮುಖ್ಯವಾದದ್ದು ಶುರುವಾಗಿದೆ ಎಂದು ಅದರಿಂದ ತಿಳಿಯಿತು. ಹಾಡು ಮುಗಿಯಿತು. ಹೇಗಿದೆ ಎಂದು ಕೇಳಿದ.

"ತಾಳ ಕೇಳಿಸ್ತು," ಎಂದೆ. "ಅದರ ಮೇಲಿರೋದು ಕೇಳಿಸ್ಲಿಲ್ಲ ಕಣೋ. ಏನಿದೆ ಅಲ್ಲಿ?"

ಅವನು ಶಬ್ದ ಏರಿಸಲು ಕೈ ಚಾಚಿದವನು ಹಿಂದೆ ತೆಗೆದುಕೊಂಡ. ಕುರ್ಚಿ ತಿರುಗಿಸಿ ನನ್ನ ಎದುರಿಗೆ ಕೂತ. ನಿಧಾನವಾಗಿ, ಬಾಯಿ ಸರಿಯಾಗಿ ಬಿಟ್ಟು ಹೇಳತೊಡಗಿದ. ಸಣ್ಣ ಗಂಟೆಯಂಥದ್ದು ಒಂದಿದೆ ಎಂದ. ಗಂಟೆಯಲ್ಲ, ಸ್ಟೀಲ್ ಲೋಟದ ಅಂಚಿಗೆ ಉಗುರು ತಾಗಿಸಿದ ಹಾಗೆ ಎಂದ. ಅದೂ ಅಲ್ಲ, ಅಷ್ಟು ಗಟ್ಟಿ ಇಲ್ಲ ಎಂದ. ಬೆರಳಿನಿಂದ ಗಾಳಿಯಲ್ಲಿ ಗೆರೆ ಎಳೆದು, ಹೀಗೆ ಮೇಲೆ ಹೋಗಿ ಹೀಗೆ ಬೀಳುತ್ತದೆ ಎಂದು ತೋರಿಸಿದ. ಅವನಿಗೆ ಪದ ಸಿಗುತ್ತಿರಲಿಲ್ಲ. ಮಾತಾಡಿ ಅಭ್ಯಾಸವಿರುವುದು ನನ್ನ ಜೊತೆ, ನನ್ನ ಜೊತೆ ಈ ವಿಷಯಕ್ಕೆ ಯಾವತ್ತೂ ಮಾತು ಬೇಕಾಗಿರಲಿಲ್ಲ.

"ಆಗ್ತಿಲ್ಲ ಮಗಾ," ಎಂದ.

"ಪರವಾಗಿಲ್ಲ, ಹೇಳು," ಎಂದೆ.

ಮತ್ತೆ ಮೊದಲಿನಿಂದ ಹೇಳಿದ. ಬಿಸಿಲು ಇಳಿಯುವವರೆಗೆ ಕೂತಿದ್ದೆವು. ಆ ಹಾಡು ಹೇಗಿದೆ ಎಂದು ನನಗೆ ಈಗಲೂ ಗೊತ್ತಿಲ್ಲ.